ಟರ್ಬೊ ಕಾರು: ಕಾಯಿಸಿ ಓಡಿಸಬೇಕೋ, ಓಡಿಸುತ್ತಾ ಕಾಯಿಸಬೇಕೋ?

ಕಾರೆಂದರೆ ಗಂಡಸರ ವ್ಯವಹಾರ, ಹಿಂದಿನ ಸೀಟಿನಲ್ಲಿ ಕೂತು ಬರುವುದಷ್ಟೇ ನಮ್ಮ ಕೆಲಸ ಎಂದುಕೊಂಡಿದ್ದ ಕಾಲ ಹೋಯಿತು. ಈಗ ತಾಲ್ಲೂಕು ಪಟ್ಟಣಗಳಲ್ಲೂ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವವಳು, ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವವಳು, ಸಂತೆಯಿಂದ ವಾರದ ತರಕಾರಿ ಹೊತ್ತು ತರುವವಳು ಮನೆಯೊಡತಿಯೇ. ಆದರೆ ಬೆಳಿಗ್ಗೆ ಕಾರನ್ನು ಹೇಗೆ ಹೊರಡಿಸಬೇಕು ಎಂಬ ವಿಷಯ ಬಂದಾಗ ಮನೆಯಲ್ಲಿ ತಲೆಗೊಂದು ಮಾತು.

"ಹತ್ತು ನಿಮಿಷ ಎಂಜಿನ್ ಓಡ್ತಾ ಇರ್ಲಿ ಬಿಡಮ್ಮ, ಚೆನ್ನಾಗಿ ಬಿಸಿಯಾದ ಮೇಲೆ ತೆಗಿ" ಎನ್ನುತ್ತಾರೆ ಮಾವನವರು. "ಈಗಿನ ಕಾರಿಗೆ ಅದೆಲ್ಲ ಏನೂ ಬೇಡಮ್ಮ, ಸ್ಟಾರ್ಟ್ ಮಾಡಿ ಹೊರಡೋದೇ" ಎನ್ನುತ್ತಾನೆ ಕಾಲೇಜಿಗೆ ಹೋಗುವ ಮಗ. ಯಾರ ಮಾತು ಕೇಳಬೇಕು?

ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧವನ್ನು ತಿಳಿದುಕೊಳ್ಳದಿದ್ದರೆ ಪೆಟ್ಟು ಬೀಳುವುದು ಮನೆಯ ಖರ್ಚಿನ ಲೆಕ್ಕಕ್ಕೆ. ಅದರಲ್ಲೂ ನಿಮ್ಮದು ಟರ್ಬೊ ಇರುವ ಕಾರಾದರೆ ಈ ಮಾತನ್ನು ಅವಶ್ಯ ತಿಳಿದಿರಬೇಕು. ಟರ್ಬೊ ಕೆಟ್ಟು ಬದಲಾಯಿಸಬೇಕಾಗಿ ಬಂದರೆ ಹತ್ತಾರು ಸಾವಿರ ರೂಪಾಯಿಯ ಬಾಬತ್ತು. ಮಗಳ ಕಾಲೇಜಿನ ಶುಲ್ಕಕ್ಕೆಂದು ಕೂಡಿಟ್ಟ ಹಣ ಗ್ಯಾರೇಜಿಗೆ ಹೋಗುವಂತಾಗಬಾರದಲ್ಲವೆ?

ಟರ್ಬೊ ಅಂದರೆ ಏನು?

ಹೆಸರು ಕೇಳಿ ಹೆದರಬೇಕಾದ್ದಿಲ್ಲ. ಸೌದೆ ಒಲೆ ಊದಿ ಅಭ್ಯಾಸವಿರುವವರಿಗೆ ಇದು ಬಲು ಸುಲಭ. ಒಲೆಗೆ ಗಾಳಿ ಸಾಲದಿದ್ದರೆ ಊದುಕೊಳವೆ ಹಿಡಿದು ಊದುತ್ತೇವೆ, ಉರಿ ಹೆಚ್ಚುತ್ತದೆ. ಎಂಜಿನ್ನಿಗೂ ಹಾಗೆಯೇ. ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಇಂಧನ ಉರಿದು ಹೆಚ್ಚು ಶಕ್ತಿ ಬರುತ್ತದೆ. ಟರ್ಬೊ ಎಂದರೆ ಎಂಜಿನ್ನಿನ ಊದುಕೊಳವೆ.

ಆದರೆ ಊದುವವರು ಯಾರು? ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯೇ ಈ ಕೆಲಸ ಮಾಡುತ್ತದೆ. ಒಂದು ಸಣ್ಣ ದಂಡದ ಎರಡು ತುದಿಗೆ ಎರಡು ಪುಟ್ಟ ಚಕ್ರಗಳು. ಹೊರಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದರ ಜೊತೆಗೇ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಗೆ ತುಂಬುತ್ತದೆ. ವ್ಯರ್ಥವಾಗಿ ಹೋಗುವುದನ್ನು ಉಪಯೋಗಿಸಿಕೊಳ್ಳುವ ಈ ಜಾಣ್ಮೆ ಗೃಹಿಣಿಯರಿಗೆ ಮೆಚ್ಚುಗೆಯಾಗುವಂಥದೇ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಎಂಬಾತ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದ. ಮಾರಾಟದ ಕಾರುಗಳಿಗೆ ಇದು ಮೊದಲು ಬಂದದ್ದು 1962ರಲ್ಲಿ, ಅಮೆರಿಕದಲ್ಲಿ.

ನಮ್ಮಲ್ಲಿ ಇಂದು ಮಾರಾಟವಾಗುವ ಡೀಸೆಲ್ ಕಾರುಗಳಿಗೆಲ್ಲ ಟರ್ಬೊ ಇದ್ದೇ ಇರುತ್ತದೆ ಎನ್ನಬಹುದು. ಇತ್ತೀಚಿನ ವರ್ಷಗಳಲ್ಲಿ ಚಿಕ್ಕ ಪೆಟ್ರೋಲ್ ಕಾರುಗಳಿಗೂ ಬಂದಿದೆ. 2017ರಲ್ಲಿ ಬಂದ ನೆಕ್ಸಾನ್, 2019ರ ವೆನ್ಯೂ, 2023ರ ಫ್ರಾಂಕ್ಸ್ ಇವುಗಳಲ್ಲೆಲ್ಲ ಟರ್ಬೊ ಪೆಟ್ರೋಲ್ ಎಂಜಿನ್ನಿನ ಮಾದರಿಗಳು ಬಂದವು. ನಿಮ್ಮ ಕಾರಿಗೆ ಇದೆಯೋ ಇಲ್ಲವೋ ಎಂದು ತಿಳಿಯದಿದ್ದರೆ ಕಾರಿನ ಜೊತೆ ಕೊಟ್ಟ ಪುಸ್ತಕ ನೋಡಿ, ಇಲ್ಲವೆ ಮುಂದಿನ ಸಲ ಸರ್ವೀಸಿಗೆ ಬಿಟ್ಟಾಗ ಕೇಳಿ. ಕೇಳುವುದಕ್ಕೆ ಸಂಕೋಚವೇನೂ ಬೇಡ.

ಎಣ್ಣೆಯೇ ಅದರ ಪ್ರಾಣ

ಅಡುಗೆಮನೆಯ ಮಿಕ್ಸಿ ಭರ್‍ರೆಂದು ತಿರುಗುವುದು ನಿಮಿಷಕ್ಕೆ ಹೆಚ್ಚೆಂದರೆ ಇಪ್ಪತ್ತು ಸಾವಿರ ಸುತ್ತಿನ ಆಸುಪಾಸು. ಟರ್ಬೊದ ಆ ಪುಟ್ಟ ದಂಡ ಒಂದು ಲಕ್ಷ ಸುತ್ತನ್ನು ಸುಲಭವಾಗಿ ದಾಟುತ್ತದೆ. ಚಿಕ್ಕ ಕಾರುಗಳಲ್ಲಿ ಎರಡು ಲಕ್ಷದವರೆಗೂ ಹೋಗುವುದುಂಟು. ಒಂದು ಬದಿಯಲ್ಲಿ ಹೊರಗಿನ ತಂಪು ಗಾಳಿ, ಇನ್ನೊಂದು ಬದಿಯಲ್ಲಿ ಉರಿಯುವ ಹೊಗೆ. ಪೆಟ್ರೋಲ್ ಕಾರಿನಲ್ಲಿ ಜೋರಾಗಿ ಹೋಗುವಾಗ ಆ ಹೊಗೆಯ ಬಿಸಿ 900 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಡೀಸೆಲ್ಲಿನಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆ.

ಇಷ್ಟು ವೇಗ, ಇಷ್ಟು ಬಿಸಿಯ ನಡುವೆ ಆ ದಂಡ ಸವೆಯದೆ ಉಳಿಯುವುದು ಹೇಗೆ? ಸಾಮಾನ್ಯ ಕಾರುಗಳ ಟರ್ಬೊದಲ್ಲಿ ದಂಡ ಬೇರಿಂಗಿಗೆ ತಾಗುವುದೇ ಇಲ್ಲ. ಎರಡರ ನಡುವೆ ಕೂದಲೆಳೆಯಷ್ಟು ತೆಳುವಾದ ಎಣ್ಣೆಯ ಪದರ ಇರುತ್ತದೆ. ದಂಡ ಆ ಎಣ್ಣೆಯ ಮೇಲೆ ತೇಲುತ್ತಾ ತಿರುಗುತ್ತದೆ. ಎಣ್ಣೆ ಬಂದರೆ ಬದುಕು, ಎಣ್ಣೆ ತಪ್ಪಿದರೆ ಲೋಹಕ್ಕೆ ಲೋಹ ಉಜ್ಜಿ ಸವೆತ.

ತಣ್ಣಗಿನ ಎಂಜಿನ್ನಿನ ಕಷ್ಟ ಇರುವುದು ಇಲ್ಲಿಯೇ. ಮಾರ್ಗಶಿರದ ಚಳಿಯಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ, ಮಕ್ಕಳ ತಲೆಗೆ ಹಚ್ಚಬೇಕಾದರೆ ಬಿಸಿನೀರಿನಲ್ಲಿ ಇಟ್ಟು ಕರಗಿಸುತ್ತೇವಲ್ಲ? ಎಂಜಿನ್ ಆಯಿಲ್ ಹಾಗೆ ಹೆಪ್ಪುಗಟ್ಟುವುದಿಲ್ಲ, ಆದರೆ ತಣ್ಣಗಿರುವಾಗ ಮಂದವಾಗಿರುತ್ತದೆ. 100 ಡಿಗ್ರಿ ಬಿಸಿಯಲ್ಲಿ ಇರುವುದಕ್ಕಿಂತ 20 ಡಿಗ್ರಿಯಲ್ಲಿ ಅದು ಹತ್ತು ಪಟ್ಟಿಗೂ ಹೆಚ್ಚು ಮಂದ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಎಣ್ಣೆಯ ಬಹುಪಾಲು ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಪಂಪು ಅದನ್ನು ಮೇಲಕ್ಕೆ ತಳ್ಳಿ ಟರ್ಬೊದವರೆಗೆ ಮುಟ್ಟಿಸಲು ಕೆಲವು ಸೆಕೆಂಡು ಬೇಕು. ಅಷ್ಟರಲ್ಲೇ ನಾವು "ಸ್ಕೂಲ್ ಬೆಲ್ ಆಗ್ಹೋಯ್ತು" ಎಂದು ಆಕ್ಸಿಲರೇಟರನ್ನು ಒತ್ತಿಬಿಟ್ಟರೆ?

ಇನ್ನೊಂದು ಮಾತು. ತಣ್ಣಗಿನ ಎಂಜಿನ್ ಎಂದರೆ ಚಳಿಗಾಲ ಮಾತ್ರ ಎಂದು ತಿಳಿಯಬೇಡಿ. ಬೀದರಿನ ಪುಷ್ಯಮಾಸದ ಬೆಳಗಿನಲ್ಲಿ ಎಣ್ಣೆ ಹೆಚ್ಚು ಮಂದ, ನಿಜ. ಆದರೆ ಎಂಜಿನ್ನಿಗೆ ಬೇಕಾದ ಬಿಸಿ ಸುಮಾರು 90 ಡಿಗ್ರಿ. ಆ ಲೆಕ್ಕದಲ್ಲಿ ರಾಯಚೂರಿನ ಬೇಸಿಗೆಯ 35 ಡಿಗ್ರಿ ಕೂಡ ತಂಪೇ! ನಾಲ್ಕಾರು ಗಂಟೆ ನಿಂತ ಕಾರು ಯಾವ ಋತುವಿನಲ್ಲಾದರೂ ತಣ್ಣಗಿನ ಕಾರೇ.

ಹತ್ತು ನಿಮಿಷದ ಅಭ್ಯಾಸ ಎಲ್ಲಿಂದ ಬಂತು?

ಹಾಗಾದರೆ ಮಾವನವರ ಮಾತೇ ಸರಿ, ನಿಲ್ಲಿಸಿಕೊಂಡು ಹತ್ತು ನಿಮಿಷ ಕಾಯಿಸೋಣ ಎನ್ನುತ್ತೀರಾ? ತಾಳಿ.

ಅವರ ಮಾತು ಅವರ ಕಾಲದ ಕಾರಿಗೆ ಸರಿಯಾಗಿಯೇ ಇತ್ತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, 1983ರ ಡಿಸೆಂಬರಿನಲ್ಲಿ ಬಂದ ಮೊದಲ ಮಾರುತಿ 800 — ಈ ಪೆಟ್ರೋಲ್ ಕಾರುಗಳಲ್ಲಿ ಗಾಳಿಗೂ ಪೆಟ್ರೋಲಿಗೂ ಹದ ಬೆರೆಸುತ್ತಿದ್ದದ್ದು ಕಾರ್ಬ್ಯುರೇಟರ್. ಚಳಿಯಲ್ಲಿ ಅದರ ಹದ ಕೆಡುತ್ತಿತ್ತು. ಚೋಕ್ ಎಳೆದು, ಸ್ವಲ್ಪ ಹೊತ್ತು ಗುರುಗುಟ್ಟಿಸಿ, ಮತ್ತೆ ಚೋಕ್ ಒಳಕ್ಕೆ ತಳ್ಳಿ ಹೊರಡಬೇಕಿತ್ತು. ಇಲ್ಲದಿದ್ದರೆ ಬೀದಿಯ ತಿರುವಿನಲ್ಲೇ ಕಾರು ಕೆಮ್ಮಿ ನಿಂತುಬಿಡುತ್ತಿತ್ತು. ಈಗಿನ ಕಾರುಗಳಲ್ಲಿ ಕಾರ್ಬ್ಯುರೇಟರ್ ಇಲ್ಲ. ಎಂಜಿನ್ ಎಷ್ಟು ತಣ್ಣಗಿದೆ ಎಂದು ಅಳೆದು, ಬೇಕಾದಷ್ಟೇ ಇಂಧನ ಚಿಮ್ಮಿಸುವ ಕೆಲಸವನ್ನು ಪುಟ್ಟ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಆದ್ದರಿಂದ ಕಾರು ನಿಂತುಹೋಗುವ ಭಯವಿಲ್ಲ. ಮಗ ಹೇಳುವ ಅರ್ಧ ಸತ್ಯ ಇದು.

ನಿಂತಲ್ಲೇ ಕಾಯಿಸಿದರೆ ನಷ್ಟವೇನು?

ಸಣ್ಣ ಉರಿಯಲ್ಲಿ ದೊಡ್ಡ ಹಂಡೆ ನೀರು ಕಾಯುವುದೆಂದಿಗೆ? ನಿಂತ ಕಾರಿನ ಎಂಜಿನ್ ಬಹಳ ಕಡಿಮೆ ಇಂಧನ ಉರಿಸುತ್ತದೆ, ಬಹಳ ಕಡಿಮೆ ಶಾಖ ಹುಟ್ಟಿಸುತ್ತದೆ. ಹತ್ತು ನಿಮಿಷ ನಿಂತಲ್ಲೇ ಓಡಿದರೂ ಎಣ್ಣೆ ಪೂರ್ತಿ ಕಾಯುವುದಿಲ್ಲ. ಅದೇ ನಿಧಾನವಾಗಿ ಓಡಿಸಿದರೆ ಬೇಗ ಕಾಯುತ್ತದೆ. ಗೇರುಪೆಟ್ಟಿಗೆಯ ಎಣ್ಣೆ, ಚಕ್ರದ ಬೇರಿಂಗು, ಟಯರು ಇವುಗಳಂತೂ ಕಾರು ಚಲಿಸಿದರೆ ಮಾತ್ರ ಹದಕ್ಕೆ ಬರುವಂಥವು.

ಪೆಟ್ರೋಲ್ ಎಂಜಿನ್ ತಣ್ಣಗಿರುವಾಗ ಅದಕ್ಕೆ ಇಂಧನ ಸ್ವಲ್ಪ ಹೆಚ್ಚಾಗಿಯೇ ಬರುತ್ತದೆ. ಅದರಲ್ಲಿ ಸ್ವಲ್ಪ ಉರಿಯದೆ ಸಿಲಿಂಡರಿನ ಗೋಡೆಯ ಮೇಲೆ ಇಳಿದು ಎಣ್ಣೆಯ ಜೊತೆ ಬೆರೆಯುತ್ತದೆ. ಎಣ್ಣೆ ತೆಳುವಾಗಿ ತನ್ನ ಕಸುವು ಕಳೆದುಕೊಳ್ಳುತ್ತದೆ. ಎಂಜಿನ್ನನ್ನು ಉಳಿಸಲೆಂದು ಮಾಡಿದ ಉಪಚಾರವೇ ಅದಕ್ಕೆ ಅಪಚಾರ!

ಇನ್ನು ಖರ್ಚು. ನಿಂತು ಓಡುವ ಚಿಕ್ಕ ಕಾರು ಗಂಟೆಗೆ ಅರ್ಧ ಲೀಟರಿಗೂ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ದಿನಕ್ಕೆ ಹತ್ತು ನಿಮಿಷವೆಂದರೂ ತಿಂಗಳಿಗೆ ಎರಡು ಮೂರು ಲೀಟರ್ ಎಲ್ಲಿಗೂ ಹೋಗದೆ ಮನೆ ಮುಂದೆಯೇ ಉರಿದುಹೋಯಿತು.

ಮುಚ್ಚಿದ ಷೆಡ್ಡಿನಲ್ಲಿ ಎಚ್ಚರ!

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ದಯವಿಟ್ಟು ಎರಡು ಸಲ ಓದಿ.

ಕಾರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದು ಅಂಟಿಕೊಳ್ಳುತ್ತದೆ. ಹೊಗೆಯನ್ನು ಶುದ್ಧಮಾಡುವ ಸಾಧನ ಕಾರಿನ ಹೊಗೆಕೊಳವೆಯಲ್ಲಿ ಇದೆ, ನಿಜ. ಆದರೆ ಅದೂ 250–300 ಡಿಗ್ರಿಯಷ್ಟು ಕಾದ ಮೇಲೆಯೇ ಕೆಲಸ ಶುರುಮಾಡುವುದು. ಎಂದರೆ ತಣ್ಣಗಿನ ಕಾರು ಸ್ಟಾರ್ಟ್ ಆದ ಮೊದಲ ನಿಮಿಷಗಳ ಹೊಗೆಯೇ ಅತಿ ಕೆಟ್ಟದ್ದು.

ಚಳಿಯೆಂದು ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಕಾರು ಓಡಲು ಬಿಟ್ಟು, ಒಳಗೆ ಡಬ್ಬಿ ಕಟ್ಟಲು ಹೋಗುವುದು, ಮಗುವನ್ನು ಆಗಲೇ ಕಾರಿನಲ್ಲಿ ಕೂರಿಸಿರುವುದು — ಇದನ್ನು ಎಂದಿಗೂ ಮಾಡಬೇಡಿ. ಷೆಡ್ಡಿನ ಬಾಗಿಲು ಪೂರ್ತಿ ತೆರೆದ ಮೇಲೆಯೇ ಸ್ಟಾರ್ಟ್ ಮಾಡಿ. ಮಾಡಿದ ಕೂಡಲೇ ಮೆಲ್ಲಗೆ ಬಯಲಿಗೆ ತನ್ನಿ. ಹೊಗೆಕೊಳವೆಯ ಬಾಯಿ ಅಡುಗೆಮನೆಯ ಕಿಟಕಿಗೋ ಅಜ್ಜಿಯ ಕೋಣೆಯ ಕಿಟಕಿಗೋ ಎದುರಾಗಿ ನಿಲ್ಲದಂತೆ ನೋಡಿಕೊಳ್ಳಿ. ತಲೆನೋವು, ತಲೆಸುತ್ತು, ವಾಕರಿಕೆ ಕಾಣಿಸಿದರೆ ತಡಮಾಡದೆ ಎಲ್ಲರೂ ಗಾಳಿಗೆ ಬಂದು ವೈದ್ಯರನ್ನು ಕಾಣಬೇಕು.

ಹಾಗಾದರೆ ಸರಿಯಾದ ಕ್ರಮ ಯಾವುದು?

ಒಂದೇ ಮಾತಿನಲ್ಲಿ ಹೇಳುವುದಾದರೆ: ಅರ್ಧ ನಿಮಿಷ ನಿಲ್ಲಿ, ಆಮೇಲೆ ಮೆಲ್ಲಗೆ ನಡೆಸಿ. ಕಾರು ಕಾಯುವುದು ನಿಂತಲ್ಲ, ನಡೆಯುತ್ತಾ.

1. ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ತುಳಿಯಬೇಡಿ. ಡೀಸೆಲ್ ಕಾರಾದರೆ ಸುರುಳಿಯ ಗುರುತಿನ ದೀಪ ಆರುವ ತನಕ ಕಾದು ಆಮೇಲೆ ಸ್ಟಾರ್ಟ್ ಮಾಡಿ.

2. ಎಣ್ಣೆ ಕುಡಿಕೆಯ ಚಿತ್ರದ ಕೆಂಪು ದೀಪ ಆರಿತೇ ನೋಡಿ. ಆರದೆ ಉಳಿದರೆ ತಕ್ಷಣ ಎಂಜಿನ್ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ. ಆ ದೀಪ ಉರಿಯುತ್ತಿರುವಾಗ ಒಂದು ಫರ್ಲಾಂಗೂ ಓಡಿಸಕೂಡದು.

3. ಮೂವತ್ತು ಸೆಕೆಂಡಿನಿಂದ ಒಂದು ನಿಮಿಷ ಕಾಯಿರಿ. ಅಷ್ಟರಲ್ಲಿ ಸೀಟು ಪಟ್ಟಿ ಹಾಕಿಕೊಳ್ಳಿ, ಕನ್ನಡಿ ಸರಿಮಾಡಿಕೊಳ್ಳಿ, ಮಗುವಿನ ನೀರಿನ ಬಾಟಲಿ ಬಂದಿದೆಯೇ ನೋಡಿ. ಸ್ಟಾರ್ಟ್ ಆದಾಗ ಜೋರಾಗಿದ್ದ ಎಂಜಿನ್ನಿನ ಸದ್ದು ಸ್ವಲ್ಪ ಇಳಿಯುತ್ತದೆ. ಅದೇ ಹೊರಡುವ ಸೂಚನೆ.

4. ಮೊದಲ ಐದರಿಂದ ಹತ್ತು ನಿಮಿಷ ಮೆತ್ತಗೆ ಓಡಿಸಿ. ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು ಡೀಸೆಲ್ಲಿನಲ್ಲಿ 2,000, ಪೆಟ್ರೋಲಿನಲ್ಲಿ 2,500 ದಾಟದಿದ್ದರೆ ಸಾಕು. ಮುಂದಿನ ಬಸ್ಸನ್ನು ಹಿಂದೆ ಹಾಕುವ ಹುರುಪು ಸದ್ಯಕ್ಕೆ ಬೇಡ.

5. ಹಾಗೆಂದು ದೊಡ್ಡ ಗೇರಿನಲ್ಲಿ ಕಾರು ಗೊಣಗುವಂತೆ ಎಳೆಸುವುದೂ ತಪ್ಪು. ಕಡಿಮೆ ಸುತ್ತಿನಲ್ಲಿ ಹೆಚ್ಚು ತುಳಿದರೆ ಟರ್ಬೊಗೂ ಎಂಜಿನ್ನಿಗೂ ಭಾರ. ಏರು ಬಂದರೆ ಗೇರು ಇಳಿಸಿ ಹಗುರವಾಗಿ ಹತ್ತಿಸಿ.

6. ಬಿಸಿಯ ಮುಳ್ಳು ಮಧ್ಯಕ್ಕೆ ಬಂದ ಮೇಲೂ, ಅಥವಾ ಮುಳ್ಳಿಲ್ಲದ ಕಾರಿನಲ್ಲಿ ನೀಲಿ ದೀಪ ಆರಿದ ಮೇಲೂ, ಇನ್ನೊಂದೈದು ನಿಮಿಷ ಹದವಾಗಿಯೇ ಹೋಗಿ. ಅವು ತೋರಿಸುವುದು ನೀರಿನ ಬಿಸಿ. ಎಣ್ಣೆ ನೀರಿಗಿಂತ ನಿಧಾನವಾಗಿ ಕಾಯುತ್ತದೆ.

ಹತ್ತಿರದ ಓಡಾಟವೇ ಹೆಚ್ಚು ಕಷ್ಟ

"ನಮ್ಮ ಕಾರು ಊರು ಬಿಟ್ಟು ಹೋಗೋದೇ ಇಲ್ಲ, ಅದಕ್ಕೇನಾಗುತ್ತೆ?" ಎನ್ನುವವರಿದ್ದಾರೆ. ನಿಜವಾಗಿ ನೋಡಿದರೆ ಸಣ್ಣ ಊರಿನ ಕಾರಿಗೇ ಕಷ್ಟ ಹೆಚ್ಚು. ಶಾಲೆ ಎರಡು ಕಿಲೋಮೀಟರ್, ಮಾರುಕಟ್ಟೆ ಒಂದು ಕಿಲೋಮೀಟರ್. ಎಣ್ಣೆ ಕಾಯುವ ಮೊದಲೇ ಪ್ರಯಾಣ ಮುಗಿದಿರುತ್ತದೆ. ಎಂಜಿನ್ನಿನೊಳಗೆ ಹನಿಗಟ್ಟಿದ ನೀರಿನ ಪಸೆ, ಎಣ್ಣೆಯಲ್ಲಿ ಬೆರೆತ ಪೆಟ್ರೋಲು ಆವಿಯಾಗಿ ಹೋಗಲು ಬೇಕಾದ ಬಿಸಿಯೇ ಬರುವುದಿಲ್ಲ. ಎಣ್ಣೆ ತುಂಬುವ ಮುಚ್ಚಳದ ಒಳಗೆ ಬೆಣ್ಣೆಯಂತೆ ಬಿಳಿಯ ಪಸೆ ಕಂಡರೆ ಹಲವು ಸಲ ಇದೇ ಕಾರಣ. ಅಂಥದು ಕಂಡಾಗ ಒಮ್ಮೆ ಮೆಕ್ಯಾನಿಕ್ಕಿಗೆ ತೋರಿಸುವುದು ಕ್ಷೇಮ.

ಇದಕ್ಕೆ ಪರಿಹಾರ ನಿಮ್ಮ ಕೈಯಲ್ಲೇ ಇದೆ. ಶಾಲೆ, ಬ್ಯಾಂಕು, ತರಕಾರಿ ಈ ಮೂರು ಕೆಲಸಕ್ಕೆ ಮೂರು ಸಲ ಹೊರಡುವ ಬದಲು ಒಂದೇ ಸುತ್ತಿನಲ್ಲಿ ಮುಗಿಸಿ. ವಾರಕ್ಕೊಮ್ಮೆಯಾದರೂ ಇಪ್ಪತ್ತು ಮೂವತ್ತು ನಿಮಿಷ ಕಾರು ಬಿಡದೆ ಓಡುವಂತೆ ತವರಿಗೋ ದೇವಸ್ಥಾನಕ್ಕೋ ಹೋಗಿಬನ್ನಿ. (ಯಜಮಾನರು ಕೇಳಿದರೆ ಎಂಜಿನ್ನಿನ ಆರೋಗ್ಯಕ್ಕಾಗಿ ಎನ್ನಿ!) ನಡೆದು ಹೋಗುವಷ್ಟು ಹತ್ತಿರವಾದರೆ ನಡೆದೇ ಹೋಗುವುದು ಕಾರಿಗೂ ಒಳ್ಳೆಯದು, ನಮಗೂ ಒಳ್ಳೆಯದು.

ಎಣ್ಣೆ ಬದಲಾಯಿಸುವ ವಿಷಯದಲ್ಲಿ ಜಿಪುಣತನ ಬೇಡ. ಕಾರು ಹೆಚ್ಚು ಓಡಿಲ್ಲವೆಂದು ಎರಡು ವರ್ಷ ಹಾಗೇ ಬಿಡಬಾರದು. ಕಿಲೋಮೀಟರ್ ಆಗದಿದ್ದರೂ ಪುಸ್ತಕದಲ್ಲಿ ಹೇಳಿದ ಅವಧಿಗೆ ಬದಲಾಯಿಸಬೇಕು. ಬರೀ ಸಣ್ಣ ಓಡಾಟ, ಧೂಳಿನ ರಸ್ತೆ ಇದ್ದರೆ ಇನ್ನೂ ಬೇಗ ಬದಲಾಯಿಸಿ ಎಂದು ಅನೇಕ ಕಾರುಗಳ ಪುಸ್ತಕದಲ್ಲೇ ಬರೆದಿರುತ್ತದೆ. ಡಬ್ಬದ ಮೇಲಿನ ಅಂಕಿಯನ್ನೂ ನೋಡಿಕೊಳ್ಳಿ. ಉದಾಹರಣೆಗೆ 5ಡಬ್ಲ್ಯು-30 ಎಂದಿದ್ದರೆ ಮೊದಲ ಅಂಕಿ ಚಳಿಯ ಗುಣ ಹೇಳುತ್ತದೆ. ಅದು ಕಡಿಮೆಯಿದ್ದಷ್ಟೂ ತಣ್ಣಗಿರುವಾಗ ಎಣ್ಣೆ ಸುಲಭವಾಗಿ ಹರಿಯುತ್ತದೆ. ನಿಮ್ಮ ಕಾರಿಗೆ ಯಾವುದು ಹೇಳಿದೆಯೋ ಅದನ್ನೇ ಹಾಕಿಸಿ. "ಇದೂ ಅದೇ ಮೇಡಂ" ಎಂಬ ಮಾತಿಗೆ ಒಪ್ಪಬೇಡಿ.

ನಿಲ್ಲಿಸುವಾಗಲೂ ಒಂದು ನಿಮಿಷ

ಒಲೆಯಿಂದ ಇಳಿಸಿದ ಕಾದ ಬಾಣಲೆಯಲ್ಲಿ ಉಳಿದ ತೊಟ್ಟು ಎಣ್ಣೆ ಕರಿಗಟ್ಟಿ ಹತ್ತಿಕೊಳ್ಳುವುದನ್ನು ನೋಡಿದ್ದೀರಿ. ಜೋರಾಗಿ ಓಡಿ ಬಂದ ಟರ್ಬೊದಲ್ಲೂ ಹಾಗೆ ಆಗಬಹುದು. ಹೆದ್ದಾರಿಯಲ್ಲಿ ವೇಗವಾಗಿ ಬಂದು, ಇಲ್ಲವೆ ಚಾರ್ಮಾಡಿ, ಆಗುಂಬೆ ಘಾಟಿ ಹತ್ತಿ ಬಂದು, ಕಾಫಿಗೆಂದು ಥಟ್ಟನೆ ನಿಲ್ಲಿಸಿಬಿಟ್ಟರೆ ಎಣ್ಣೆಯ ಹರಿವು ನಿಲ್ಲುತ್ತದೆ, ಬಿಸಿ ಮಾತ್ರ ಉಳಿಯುತ್ತದೆ. ಒಳಗಿನ ಎಣ್ಣೆ ಕರಕಲಾಗಿ ಸಣ್ಣ ದಾರಿಗಳನ್ನು ಮುಚ್ಚುತ್ತದೆ. ಈಗಿನ ಅನೇಕ ಟರ್ಬೊಗಳಿಗೆ ನೀರಿನ ತಂಪೂ ಇರುವುದರಿಂದ ಅಪಾಯ ಹಿಂದಿಗಿಂತ ಕಡಿಮೆ. ಆದರೂ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಬಂದು, ನಿಲ್ಲಿಸುವ ಮುನ್ನ ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಲು ಬಿಡಿ. ಊರೊಳಗೆ ಮೆತ್ತಗೆ ಓಡಿಸಿ ಬಂದಾಗ ಇದೂ ಬೇಕಿಲ್ಲ.

ಕೆಲವು ಸಂದೇಹಗಳು

*ಸ್ಟಾರ್ಟ್ ಮಾಡಿ ನಿಂತಲ್ಲೇ ಎರಡು ಸಲ ರೊಂಯ್ ರೊಂಯ್ ಎನಿಸಿದರೆ ಬೇಗ ಕಾಯುವುದಿಲ್ಲವೆ?*
ಬೇಡವೇ ಬೇಡ. ಎಣ್ಣೆ ಇನ್ನೂ ಸರಿಯಾಗಿ ಹರಡದ ಹೊತ್ತಿನಲ್ಲಿ ಹೀಗೆ ಮಾಡಿದರೆ ಸವೆತ ಹೆಚ್ಚು.

*ಮನೆ ಹೆದ್ದಾರಿಯ ಪಕ್ಕದಲ್ಲೇ ಇದೆ. ಹೊರಟ ಕೂಡಲೇ ವೇಗ ಬೇಕಲ್ಲ?*
ನಿಮ್ಮ ಸುರಕ್ಷತೆ ಮೊದಲು. ಹೆದ್ದಾರಿಗೆ ಸೇರುವಾಗ ಬೇಕಾದಷ್ಟು ವೇಗ ತೆಗೆದುಕೊಳ್ಳಿ, ಆಮೇಲೆ ಎಡಬದಿಯಲ್ಲಿ ಹದವಾಗಿ ಸಾಗಿ. ಸಾಧ್ಯವಿದ್ದರೆ ಸರ್ವೀಸ್ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಸೇರಿಕೊಳ್ಳಿ. ಇಂಥ ಕಡೆ ಮನೆಯ ಮುಂದೆ ಒಂದು ನಿಮಿಷ ಹೆಚ್ಚು ಕಾದರೆ ತಪ್ಪಿಲ್ಲ.

*ಪ್ರವಾಸಕ್ಕೆ ಲಡಾಖಿನಂಥ ಕಡೆ ಹೋದಾಗಲೂ ಅರ್ಧ ನಿಮಿಷ ಸಾಕೆ?*
ಅಲ್ಲಿ ಚಳಿ ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ. ಎರಡು ಮೂರು ನಿಮಿಷ ಕಾಯುವುದು, ಗಾಜಿನ ಮಂಜು ಪೂರ್ತಿ ಕರಗುವ ತನಕ ನಿಲ್ಲುವುದು ಸರಿ. ನಮ್ಮ ಕಡೆಯ ಚಳಿಗೆ ಅಷ್ಟು ಬೇಡ.

*ಟರ್ಬೊಗೆ ತೊಂದರೆಯಾಗಿದೆ ಎಂದು ತಿಳಿಯುವುದು ಹೇಗೆ?*
ಹೊಗೆ ನೀಲಿಯಾಗುವುದು, ಸೈರನ್ನಿನಂತೆ ಕೀರಲು ಸದ್ದು, ಏರಿನಲ್ಲಿ ಎಳೆತ ಕಡಿಮೆಯಾಗುವುದು, ಎಣ್ಣೆ ಬೇಗ ಬೇಗ ಇಳಿಯುವುದು. ಇವುಗಳಲ್ಲಿ ಯಾವುದು ಕಂಡರೂ ಮುಂದೂಡದೆ ತೋರಿಸಿ. ಆರಂಭದಲ್ಲಿ ನೋಡಿದರೆ ಎಷ್ಟೋ ಸಲ ಒಂದು ಸಡಿಲವಾದ ಕೊಳವೆಯೇ ಕಾರಣವಾಗಿರುತ್ತದೆ.

ಒಗ್ಗರಣೆಗೆ ಎಣ್ಣೆ ಕಾಯುವ ಮುನ್ನ ಸಾಸಿವೆ ಹಾಕಿದರೆ ಸಿಡಿಯುವುದಿಲ್ಲ. ಸೌಟು ಹಿಡಿದವರಿಗೆ ಈ ಹದ ಹೇಳಿಕೊಡಬೇಕಾಗಿಲ್ಲ. ಕಾರಿನ ಎಣ್ಣೆಗೂ ಅಂಥದೇ ಒಂದು ಹದವಿದೆ. ನಾಳೆ ಬೆಳಿಗ್ಗೆ ಷೆಡ್ಡಿನ ಬಾಗಿಲು ಪೂರ್ತಿ ತೆರೆದು, ಅರ್ಧ ನಿಮಿಷ ತಾಳಿ, ಮೊದಲ ಹತ್ತು ನಿಮಿಷ ಮೆಲ್ಲಗೆ ಸಾಗಿ. ಐದು ನಿಮಿಷ ಮೊದಲೇ ಮನೆ ಬಿಟ್ಟರೆ ಇಷ್ಟೂ ತಾನಾಗಿಯೇ ಸಾಧ್ಯವಾಗುತ್ತದೆ, ಮಗುವೂ ಓಡದೆ ನಡೆದೇ ತರಗತಿ ಸೇರುತ್ತದೆ.